ವೇದಿಕೆಯ ಮೇಲೆ ತುಂಬಿದ ಉಡಿ

ಹೈದರಾಬಾದಿನ ಒಂದು ತರಬೇತಿ ಸಂಸ್ಥೆಯಲ್ಲಿ ನಾನು ಬಹಳ ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದೆ. ಹಾಸ್ಟೆಲ್ ಎಂದರೆ ಕಾಲೇಜು ಹುಡುಗಿಯರದಲ್ಲ. ಸಣ್ಣ ಸಣ್ಣ ಬಡದೇಶಗಳ ಸರ್ಕಾರಿ ನೌಕರರು ನಮ್ಮ ಸರ್ಕಾರದ ಖರ್ಚಿನಲ್ಲಿ ಬಂದು, ಕೆಲವು ತಿಂಗಳಿದ್ದು, ಏನಾದರೊಂದು ಕಲಿತು ಹೋಗುತ್ತಿದ್ದರು. ವಿಮಾನದ ಟಿಕೆಟು, ಊಟ, ವಸತಿ, ಕೈಖರ್ಚು ಎಲ್ಲ ನಮ್ಮದೇ. ಹೈದರಾಬಾದ್ ಆಗ ಇನ್ನೂ ಇಡೀ ಆಂಧ್ರಕ್ಕೆ ರಾಜಧಾನಿ, ಊರಿನ ತುಂಬ ದೊಡ್ಡಸ್ತಿಕೆಯ ಗಾಳಿ. ನಮ್ಮ ಸಂಸ್ಥೆಗೆ ಅದು ಸ್ವಲ್ಪ ಹೆಚ್ಚೇ ಬಡಿದಿತ್ತು. ಪ್ರತಿ ಉದ್ಘಾಟನೆಯಲ್ಲೂ ನಿರ್ದೇಶಕರು ‘ನಾವು ಕೊಡುತ್ತೇವೆ, ಆದರೆ ಏನನ್ನೂ ಕೇಳುವುದಿಲ್ಲ’ ಎಂದು ಭಾಷಣ ಮಾಡುತ್ತಿದ್ದರು. ಹಿಂದಿನ ಸಾಲಿನಲ್ಲಿ ಕೂತ ನನಗೆ ಮೈ ಉರಿಯುತ್ತಿತ್ತು. ಕೇಳದೆ ಕೊಡುವವರು ಅದನ್ನು ಮೈಕಿನಲ್ಲಿ ಹೇಳುವುದಿಲ್ಲ.

ನನ್ನ ಬಾಯಿ ಖಾರ ಎಂದು ಕ್ಯಾಂಪಸ್ಸಿನಲ್ಲಿ ಹೆಸರಾಗಿತ್ತು. ಆಗದೆ ಏನು ಮಾಡಲಿ? ಮೆಸ್ಸಿನ ಅಡುಗೆಯವನು ಗುಂಟೂರು ಮೆಣಸಿನಕಾಯಿ ಕಡಿಮೆ ಮಾಡಿದರೆ ತನ್ನ ಮಾನ ಹೋದಂತೆ ಎಂದು ತಿಳಿದಿದ್ದ ಮನುಷ್ಯ. ಮೊದಲ ವಾರ ಎಲ್ಲ ದೇಶಗಳವರೂ ಒಂದೇ ರೀತಿ ಅಳುತ್ತ ಊಟ ಮಾಡುತ್ತಿದ್ದರು. ಅವರಿಗೆ ಮೊಸರು ತರಿಸುವುದು, ಜ್ವರ ಬಂದರೆ ಡಾಕ್ಟರ ಬಳಿ ಕರೆದೊಯ್ಯುವುದು, ಮನೆಯ ನೆನಪಾಗಿ ಬಾಗಿಲು ಹಾಕಿಕೊಂಡವರನ್ನು ಹೊರಗೆಳೆದು ತರುವುದು ನನ್ನ ಕೆಲಸ. ಅವರಿಗೂ ನನಗೂ ನಡುವೆ ಇದ್ದದ್ದು ಇಬ್ಬರಿಗೂ ಅರ್ಧಂಬರ್ಧ ಬರುವ ಇಂಗ್ಲಿಷು. ಅಡುಗೆಯವನ ಹತ್ತಿರ ತೆಲುಗು, ವಾಚ್‌ಮನ್ ಹತ್ತಿರ ಹಿಂದಿ. ಕನ್ನಡವೇನಿದ್ದರೂ ಮನೆಯ ಹೊಸ್ತಿಲ ಒಳಗೆ.

ಮನೆ ಎಂದರೆ ಕ್ಯಾಂಪಸ್ಸಿನ ಕ್ವಾರ್ಟರ್ಸು. ಯಜಮಾನರು ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದರು, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಬರುವುದು. ಮಾವನವರು ಪೇಪರಿನ ಹಿಂದೆ ಇರುತ್ತಿದ್ದರು. ಅತ್ತೆ ಬಾಗಲಕೋಟೆ ಕಡೆಯವರು. ಹೈದರಾಬಾದಿಗೆ ಬಂದು ಎಷ್ಟೋ ವರ್ಷವಾದರೂ ತೆಲುಗಿನಲ್ಲಿ ತರಕಾರಿಯ ಹೆಸರುಗಳನ್ನು ಬಿಟ್ಟು ಬೇರೇನನ್ನೂ ಕಲಿತವರಲ್ಲ. ಬಂದವರು ಯಾರೇ ಇರಲಿ, ಅವರ ಹತ್ತಿರ ಕನ್ನಡದಲ್ಲೇ ಮಾತಾಡುವುದು, ಅವರಿಗೆ ತಿಳಿಯದಿದ್ದರೆ ಅದನ್ನೇ ಇನ್ನೂ ಜೋರಾಗಿ ಹೇಳುವುದು ಅವರ ಪದ್ಧತಿ.

ಒಂದು ವರ್ಷ ಮೋಜಣಿಯ ತರಬೇತಿಗೆ ಒಬ್ಬ ಹೆಣ್ಣುಮಗಳು ಬಂದಳು. ದೂರದ ಒಂದು ಪುಟ್ಟ ದ್ವೀಪದೇಶದವಳು, ಅಲ್ಲಿಯ ಸರ್ವೇ ಇಲಾಖೆಯಲ್ಲಿ ಕೆಲಸ. ಕಂಪ್ಯೂಟರಿನಲ್ಲಿ ನಕ್ಷೆ ಮಾಡುವುದನ್ನೂ ಹೊಸ ಅಳತೆಯ ಯಂತ್ರವನ್ನೂ ಕಲಿಯಲು ಕಳಿಸಿದ್ದರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವಳು. ಗಂಡ ಯಾವುದೋ ಸರಕಿನ ಹಡಗಿನಲ್ಲಿ ಅಡುಗೆಯವನಾಗಿ ಊರೂರು ತಿರುಗುತ್ತಿದ್ದ. ಮೆಸ್ಸಿನ ಮೀನನ್ನು ಮೊದಲ ದಿನವೇ ಮೂಸಿ ನೋಡಿ ‘ಇದು ನಿಂತ ನೀರಿನದು’ ಎಂದು ತಟ್ಟೆ ಸರಿಸಿದಳು. ನನಗೆ ಸಿಟ್ಟು ಬಂತು. ಊಟ ಬಿಟ್ಟು ಸೊರಗಿದರೆ ನಾಳೆ ಬೈಸಿಕೊಳ್ಳುವವಳು ನಾನು. ಮನೆಗೆ ಕರೆದುಕೊಂಡು ಬಂದು ಜೋಳದ ರೊಟ್ಟಿ ಹಾಕಿದೆ.

ಅಂದು ಅತ್ತೆ ನೆಲದ ಮೇಲೆ ಕೂತು ಮೆಂತ್ಯೆ ಸೊಪ್ಪಿನ ಎಲೆ ಬಿಡಿಸಿ ಸೋಸುತ್ತಿದ್ದರು. ಅವಳು ಕೈ ತೊಳೆದವಳೇ ಕುರ್ಚಿ ಬಿಟ್ಟು ಅವರ ಪಕ್ಕ ಕೂತು ತಾನೂ ಸೋಸತೊಡಗಿದಳು. ಯಾರೂ ಹೇಳಿರಲಿಲ್ಲ. ಅತ್ತೆ ಒಮ್ಮೆ ಅವಳ ಬೆರಳುಗಳನ್ನು ನೋಡಿದರು.

“ಅಡಗಿ ಮನಿಯಾಗ ಬೆಳದ ಕೂಸೈತಿ ಇದು. ನಿನ್ನಂಗ ಎಲಿ ಕೂಡ ಕಡ್ಡಿ ಹಾಕಂಗಿಲ್ಲ ನೋಡು” ಎಂದು ನನಗೇ ತಿವಿದರು.

ಅಲ್ಲಿಂದ ಮುಂದೆ ಅವಳು ದಿನವೂ ಸಂಜೆ ಬರುತ್ತಿದ್ದಳು. ಅತ್ತೆ ಕನ್ನಡದಲ್ಲಿ, ಅವಳು ತನ್ನ ಭಾಷೆಯಲ್ಲಿ, ಇಬ್ಬರೂ ತಾಸುಗಟ್ಟಲೆ ಮಾತಾಡುತ್ತಿದ್ದರು. ಏನು ತಿಳಿಯುತ್ತಿತ್ತೋ ದೇವರೇ ಬಲ್ಲ. ನನ್ನನ್ನು ಕೇಳಿದರೆ ಆ ಮನೆಯಲ್ಲಿ ಅತ್ಯಂತ ಕಡಿಮೆ ಜಗಳದ ಮಾತುಕತೆ ಅದೇ ಆಗಿತ್ತು.

ತರಬೇತಿಯ ನಡುವೆ ಒಂದು ದಿನ ನಿರ್ದೇಶಕರು ಊಟದ ಹಾಲಿಗೆ ಬಂದು ಸಿಹಿ ಸುದ್ದಿ ಎಂದರು. ಅವಳ ದೇಶಕ್ಕೆ ನಮ್ಮ ಸರ್ಕಾರ ಒಂದು ದೊಡ್ಡ ಬಂದರು ಕಟ್ಟಿಸಿಕೊಡುತ್ತದಂತೆ. ಸ್ವಲ್ಪ ಕೊಡುಗೆ, ಉಳಿದದ್ದು ಸಾಲ. ಇನ್ನೊಂದು ದೊಡ್ಡ ದೇಶವೂ ಅದೇ ಬಂದರಿನ ಮೇಲೆ ಕಣ್ಣಿಟ್ಟಿತ್ತಂತೆ, ಅವರಿಗಿಂತ ಮೊದಲು ನಾವು ಮುಗಿಸಿದೆವು ಎಂದು ನಿರ್ದೇಶಕರು ತಾವೇ ಚೌಕಾಶಿ ಮಾಡಿ ಬಂದವರಂತೆ ಹಿಗ್ಗಿದರು. ಎಲ್ಲರ ತಟ್ಟೆಗೂ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ, ಬಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ ಅವಳ ಕಡೆ ತಿರುಗಿದರು. ಅವಳು ತಟ್ಟೆಯನ್ನೇ ನೋಡುತ್ತ ಕೂತಿದ್ದಳು.

ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ನನಗೆ ಹೇಳಿದಳು. ಬಂದರು ಬರುವುದು ಅವಳ ಊರಿನ ದಂಡೆಯ ಮೇಲೆ. ಅಲ್ಲಿ ಮೀನು ಹಿಡಿಯುವವರ ಕೇರಿ ಇದೆ. ಅವಳ ತಾಯಿ, ಅಣ್ಣ, ಅಣ್ಣನ ಮಕ್ಕಳು ಎಲ್ಲ ಅಲ್ಲೇ.

“ಸರ್ಕಾರದ ಹಳೇ ನಕ್ಷೆಯಲ್ಲಿ ಆ ಜಾಗ ಖಾಲಿ. ನಮ್ಮಜ್ಜಿ ಹುಟ್ಟಿದ ಮನೆ ಇನ್ನೂ ನಿಂತಿದೆ, ಆದರೆ ನಕ್ಷೆಯಲ್ಲಿ ಬರೀ ಮರಳು. ಮೀನುಗಾರರ ಮನೆಗಳನ್ನು ಯಾರು ಅಳೆಯುತ್ತಾರೆ?”

ಅವರ ಕಾನೂನಿನಲ್ಲಿ, ನಕ್ಷೆಯಲ್ಲಿರುವ ಮನೆಯನ್ನು ಕೆಡವಬೇಕಾದರೆ ಅದೇ ದಂಡೆಯಲ್ಲಿ ಬೇರೆ ಜಾಗ ಕೊಡಲೇಬೇಕು. ನಕ್ಷೆಯಲ್ಲಿಲ್ಲದ ಮನೆ ಕಸವಿದ್ದಂತೆ, ಗುಡಿಸಿ ಹಾಕಬಹುದು. ಬಂದರಿಗೆ ಮುಂಚೆ ಒಮ್ಮೆ ಹೊಸ ಅಳತೆ ಆಗಬೇಕು. ಅದನ್ನು ಮಾಡುವವಳು ಇವಳೇ, ಏಕೆಂದರೆ ಹೊಸ ಯಂತ್ರ ಹಿಡಿಯಲು ಬರುವವರು ಆ ಇಲಾಖೆಯಲ್ಲಿ ಬೇರೆ ಯಾರೂ ಇರುವುದಿಲ್ಲ.

“ಬಂದರು ಬೇಡ ಅನ್ನುವ ಶಕ್ತಿ ನನಗಿಲ್ಲ. ಆದರೆ ಒಂದೊಂದು ಮನೆಯನ್ನೂ ನಕ್ಷೆಗೆ ಹತ್ತಿಸುತ್ತೇನೆ” ಎಂದಳು.

ಬಂದರಿನ ಗಾಳಿಸುದ್ದಿ ಊರಿನಲ್ಲಿ ಮೊದಲೇ ಇತ್ತು, ಅಣ್ಣನಿಗೆ ಅವಳು ಇಲ್ಲಿಗೆ ಬರುವುದೇ ಇಷ್ಟವಿರಲಿಲ್ಲ. ದಂಡೆಗೆ ಕಣ್ಣು ಹಾಕಿದವರ ಮನೆಯಲ್ಲಿ ಹೋಗಿ ಉಣ್ಣುತ್ತೀಯಾ ಎಂದು ಕೇಳಿದ್ದನಂತೆ. ಕಲಿತು ಬರುವುದು ನಿಮಗಾಗಿಯೇ ಎಂದು ಅವನನ್ನು ಒಪ್ಪಿಸಿ ಬಂದಿದ್ದಳು. ಅಳತೆ ಮಾಡುವಾಗ ಮನೆಯವರು ಗೋಡೆಯ ಮೂಲೆಯಲ್ಲಿ ನಿಂತು ‘ಇಲ್ಲಿಂದ ಇಲ್ಲಿಗೆ ನನ್ನದು’ ಎಂದು ತೋರಿಸಬೇಕು, ಇಲ್ಲದಿದ್ದರೆ ಗುರುತು ನಿಲ್ಲುವುದಿಲ್ಲ. ಇಡೀ ಕೇರಿಯನ್ನು ಹಾಗೆ ನಿಲ್ಲಿಸುವ ಹೊಣೆ ಅಣ್ಣನದು. ಅವನು ಹೇಳಿದರೆ ಕೇರಿ ಕೇಳುತ್ತದೆ. ಇದನ್ನೆಲ್ಲ ಹೇಳುವಾಗ ಅವಳ ಮುಖದಲ್ಲಿ ಒಂದು ಗೆಲುವಿತ್ತು. ನಾನು ಮಾತ್ರ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಬಂದರು ಕಟ್ಟುವವರು ನಾವು, ಅವಳಿಗೆ ಅಳತೆ ಕಲಿಸುವವರೂ ನಾವು, ರೊಟ್ಟಿ ಹಾಕಿದವಳು ನಾನು.

ಪ್ರಾಯೋಗಿಕ ಪಾಠಕ್ಕೆ ತಂಡವನ್ನು ನಾಚಾರಂ ಕಾರ್ಖಾನೆಗಳ ಕಡೆ ಕರೆದುಕೊಂಡು ಹೋದರು. ಊಟದ ಡಬ್ಬಿಗಳನ್ನು ಇಟ್ಟುಕೊಂಡು ನಾನೂ ಬಸ್ಸಿನಲ್ಲಿದ್ದೆ. ಕಾಂಪೌಂಡುಗಳನ್ನೂ ಶೆಡ್ಡುಗಳನ್ನೂ ಅಳೆದು ನಕ್ಷೆ ಮಾಡಬೇಕಿತ್ತು. ಕಾರ್ಖಾನೆಯೊಂದರ ಹಿಂಗೋಡೆಗೆ ಅಂಟಿಕೊಂಡು ಕೂಲಿಯವರು ತಗಡು ಹೊದಿಸಿಕೊಂಡು ಇದ್ದರು. ಇವಳು ಆ ತಗಡಿನ ಮನೆಗಳ ಮೂಲೆಮೂಲೆಗೆ ಹೋಗಿ ಅಳತೆಯ ಕೋಲು ನಿಲ್ಲಿಸತೊಡಗಿದಳು. ಪಾಠದ ಮೇಷ್ಟರು ದೂರದಿಂದಲೇ ಕೂಗಿದರು, ಅವು ಲೆಕ್ಕಕ್ಕಿಲ್ಲ, ಬಿಡಿ, ನಾಳೆ ಇರುವುದಿಲ್ಲ ಎಂದು. ಅವಳು ಕೇಳಿಸದವಳಂತೆ ಅಳೆಯುತ್ತಲೇ ಹೋದಳು. ಒಳಗಿನಿಂದ ಬಂದ ಹೆಂಗಸೊಬ್ಬಳು ತನ್ನ ಒಲೆಯ ಜಾಗವನ್ನೂ ಬೆರಳು ಮಾಡಿ ತೋರಿಸಿದಳು. ಮಧ್ಯಾಹ್ನವೆಲ್ಲ ಬಿಸಿಲಲ್ಲಿ ಸುಟ್ಟುಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಬಸ್ಸು ಹತ್ತಿದಳು. ತಂಡದವರೆಲ್ಲ ಗೊಣಗಿದರು. ನಾನು ಅವಳಿಗೆಂದು ತೆಗೆದಿಟ್ಟಿದ್ದ ಡಬ್ಬಿ ಕೊಟ್ಟು, ಗೊಣಗಿದವರಿಗೆ ನನ್ನ ಬಾಯಿಯ ರುಚಿ ತೋರಿಸಿದೆ.

ಅವಳು ಹೊರಡುವ ದಿನ ಹತ್ತಿರ ಬಂದಾಗ ಅತ್ತೆ ಉಡಿ ತುಂಬಬೇಕೆಂದು ಹಟ ಹಿಡಿದರು. ನಮ್ಮ ಕಡೆ ಮಗಳು ತವರಿನಿಂದ ಗಂಡನ ಮನೆಗೆ ಹೊರಟಾಗ ಮಣೆಯ ಮೇಲೆ ಕೂಡಿಸಿ, ಅವಳು ಒಡ್ಡಿದ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ರವಿಕೆಯ ಖಣ, ಉತ್ತತ್ತಿ, ಅರಿಶಿನದ ಕೊಂಬು ಹಾಕಿ ಕಳಿಸುತ್ತೇವೆ. ಬರಿಗೈಯಲ್ಲಿ ಮಗಳನ್ನು ಹೊಸ್ತಿಲು ದಾಟಿಸುವುದಿಲ್ಲ. ಕೊಡುವವರು ತಾಯಿ, ಅತ್ತಿಗೆ, ಇಲ್ಲವೇ ಮನೆಯ ಬೇರೆ ಮುತ್ತೈದೆಯರು. ಗಂಡಸರು ಆ ಕಡೆ ಸುಳಿಯುವುದೂ ಇಲ್ಲ.

“ಆಕಿದು ನಮ್ಮ ದೇವರಲ್ರಿ ಅತ್ತಿ, ಕುಂಕುಮ ಹಚ್ಚಿದ್ರ ಏನಂತಾಳೋ” ಎಂದೆ.

“ಅಕ್ಕಿ ಯಾವ ದೇವರದೈತಿ? ಎಲ್ಲಾರೂ ಉಣ್ಣಂಗಿಲ್ಲೇನು? ನೀ ಕೇಳು ಆಕೀನ್ನ.”

ಕೇಳಿದೆ. ಹಚ್ಚಲಿ ಎಂದಳು. ಅತ್ತೆ ತಮ್ಮ ಪೆಟ್ಟಿಗೆಯಿಂದ ಒಂದು ಇಳಕಲ್ ಸೀರೆ ತೆಗೆದು ತಾವೇ ಉಡಿಸಿದರು. ಆ ದಿನ ನಮ್ಮ ಅಡುಗೆಮನೆಯಲ್ಲಿ ಮೂವರೇ ಇದ್ದೆವು. ಉಡಿ ತುಂಬುವಾಗ ಅವಳು ಅತ್ತುಬಿಟ್ಟಳು, ಅತ್ತೆಯೂ ಅತ್ತರು. ಅದು ಅಲ್ಲಿಗೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

ಮಾತು ಕ್ಯಾಂಪಸ್ಸಿನಲ್ಲಿ ಹರಿದಾಡಿ ನಿರ್ದೇಶಕರ ಕಿವಿಗೆ ಹೋಯಿತು. ಅವರಿಗೆ ಎಲ್ಲಿಲ್ಲದ ಖುಷಿ. ಸಮಾರೋಪಕ್ಕೆ ದೆಹಲಿಯಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಅವರ ಮುಂದೆ ವೇದಿಕೆಯ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿಸೋಣ, ನಮ್ಮ ಸಂಸ್ಕೃತಿ ಕಾಣುತ್ತದೆ ಎಂದು ಹೇಳಿ ಕಳಿಸಿದರು. ನಾನು ಬೇಡವೆಂದೆ. ಅತ್ತೆ ಮಾತ್ರ ಸಂಭ್ರಮದಿಂದ ಒಪ್ಪಿದರು. ಇಷ್ಟು ವರ್ಷ ಆ ಕ್ಯಾಂಪಸ್ಸಿನಲ್ಲಿ ಅವರನ್ನು ಯಾರೂ ಯಾವುದಕ್ಕೂ ಕರೆದಿರಲಿಲ್ಲ.

“ಮಂದಿ ಮುಂದ ತುಂಬಿದ್ರ ಮಗಳಿಗೆ ಮರ್ಯಾದಿ ಹೆಚ್ಚಾತು. ಕಡಿಮಿ ಹೆಂಗ ಆಗತೈತಿ?” ಎಂದು ನನ್ನ ಬಾಯಿ ಮುಚ್ಚಿಸಿದರು.

ವೇದಿಕೆಯ ಹಿಂದೆ ಎರಡು ದೇಶಗಳ ಬಾವುಟ, ಸ್ನೇಹ, ಬಂದರು, ಅಭಿವೃದ್ಧಿ ಎಂದೆಲ್ಲ ಬರೆದ ಬ್ಯಾನರು. ಅವಳನ್ನು ಅದೇ ಇಳಕಲ್ ಸೀರೆಯಲ್ಲಿ ಸ್ಟೂಲಿನ ಮೇಲೆ ಕೂಡಿಸಿದರು. ಅತ್ತೆ ಅಕ್ಕಿ ಹಾಕಿ ಕಾಯಿಗೆ ಕೈ ಹಾಕುವಷ್ಟರಲ್ಲಿ ನಿರ್ದೇಶಕರು ಆ ತೆಂಗಿನಕಾಯಿಯನ್ನು ಎತ್ತಿ ದೆಹಲಿಯ ಅಧಿಕಾರಿಯ ಕೈಗೆ ಕೊಟ್ಟರು. ನಾನು ಪಕ್ಕದಿಂದ ಓಡಿಬಂದು, ಗಂಡಸರು ಹಾಕುವ ಹಾಗಿಲ್ಲ ಸರ್ ಎಂದು ತೆಲುಗಿನಲ್ಲಿ ಹೇಳಿದೆ.

“ಪರವಾಲೇದಮ್ಮಾ, ಫೋಟೋ ಕೋಸಂ” ಎಂದರು, ಪರವಾಗಿಲ್ಲ, ಫೋಟೋಕ್ಕೋಸ್ಕರ ಅಷ್ಟೇ ಎಂದು.

ಅತ್ತೆ ಹಿಂದೆ ಸರಿದು ನಿಂತರು. ಆ ಅಧಿಕಾರಿ ನಗುತ್ತ ನಿಂತಿದ್ದ, ಇವಳು ತಲೆ ತಗ್ಗಿಸಿ ಸೆರಗು ಒಡ್ಡಿ ಕೆಳಗೆ ಕೂತಿದ್ದಳು, ಮೇಲಿನಿಂದ ಕಾಯಿ ಬಿತ್ತು. ಕ್ಯಾಮೆರಾ ಮಿಂಚಿತು. ಸಭೆ ಚಪ್ಪಾಳೆ ತಟ್ಟಿತು. ಮನೆಗೆ ಬಂದ ಮೇಲೆ ಅತ್ತೆ “ಆ ಹಿರ್ಯಾಗ ಯಾರೂ ಕಲಿಸಿಲ್ಲೇನು?” ಎಂದಷ್ಟೇ ಕೇಳಿ ಮಲಗಿದರು. ಮರುದಿನ ಬೆಳಿಗ್ಗೆ ಅವಳು ಅತ್ತೆಯ ಕಾಲು ಮುಟ್ಟಿ, ನನ್ನನ್ನು ಅಪ್ಪಿಕೊಂಡು ಏರ್‌ಪೋರ್ಟಿಗೆ ಹೋದಳು. ಊರು ಮುಟ್ಟಿದ ಕೂಡಲೇ ಫೋನ್ ಮಾಡುತ್ತೇನೆ ಎಂದಿದ್ದಳು.

ಫೋನು ಬರಲಿಲ್ಲ. ನಾವು ಮಾಡಿದರೆ ಹತ್ತಲಿಲ್ಲ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಆ ಪಂಚಮಿಗೆ ಉಂಡಿ ಕಟ್ಟುತ್ತ ಅತ್ತೆ ಎರಡೆರಡು ಸಲ ಕೇಳಿದರು, ಆ ಹುಡುಗಿ ಫೋನ್ ಮಾಡಿತ್ತೇನು ಎಂದು. ಕೆಲಸದ ಗಡಿಬಿಡಿಯಲ್ಲಿ ಇರಬೇಕು ಎಂದೆ.

ಮುಂದಿನ ವರ್ಷ ಅದೇ ಇಲಾಖೆಯಿಂದ ಒಬ್ಬ ಅಧಿಕಾರಿ ತರಬೇತಿಗೆ ಬಂದ. ನಾನು ಅವಳ ಬಗ್ಗೆ ವಿಚಾರಿಸಿದೆ. ಅವನು ಉಣ್ಣುವುದನ್ನು ನಿಲ್ಲಿಸಿ, ಸೀರೆ ಉಡಿಸಿದವರು ನೀವೇ ಏನು ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಅವಳು ಊರು ಮುಟ್ಟುವ ಮೊದಲೇ ಆ ಫೋಟೋ ಅಲ್ಲಿ ಮುಟ್ಟಿತ್ತು. ಬಂದರಿನ ಸುದ್ದಿಯ ಜೊತೆ ಪೇಪರಿನಲ್ಲಿ ದೊಡ್ಡದಾಗಿ ಹಾಕಿದ್ದರು. ಬ್ಯಾನರಿನ ಕೆಳಗೆ, ರೇಷ್ಮೆಯ ಅಂಚಿನ ಸೀರೆಯಲ್ಲಿ, ಪರದೇಶದ ಅಧಿಕಾರಿಯ ಮುಂದೆ ಸೆರಗು ಹಿಡಿದು ಕೂತ ತಮ್ಮ ಕೇರಿಯ ಮಗಳು. ಅದು ತವರಿನ ಉಡಿ ಎಂದು ಅವರಿಗೆ ಯಾರು ಹೇಳಬೇಕು? ನೋಡಿದವರಿಗೆಲ್ಲ ಒಂದೇ ಕಂಡಿತು. ಇವಳು ದಂಡೆ ಕೊಟ್ಟು ಉಡುಗೊರೆ ತೆಗೆದುಕೊಂಡಳು.

ಅಳತೆಗೆ ಅವಳು ಯಂತ್ರ ಹೊತ್ತು ಕೇರಿಗೆ ಹೋದ ದಿನ ಒಂದು ಬಾಗಿಲೂ ತೆರೆಯಲಿಲ್ಲವಂತೆ. ಮೂಲೆಗೆ ನಿಂತು ‘ನನ್ನದು’ ಎಂದು ತೋರಿಸಲು ಯಾರೂ ಹೊರಗೆ ಬರಲಿಲ್ಲ. ಅವಳು ಬಾಗಿಲು ಬಾಗಿಲಿಗೆ ಹೋಗಿ ಕೂಗಿದಳಂತೆ, ನಿಂತರೆ ಮನೆ ಉಳಿಯುತ್ತದೆ, ದಯವಿಟ್ಟು ನಿಲ್ಲಿ ಎಂದು. ಅಣ್ಣ ಹೊರಗೆ ಬಂದು, ಅವಳು ನೆಟ್ಟಿದ್ದ ಕೋಲನ್ನು ಕಿತ್ತು ಅವಳ ಕೈಗೇ ಕೊಟ್ಟು ಒಳಗೆ ಹೋದನಂತೆ. ಅಳತೆಯ ವಾಯಿದೆ ಮುಗಿಯುವವರೆಗೆ ದಿನವೂ ಹೋದಳು. ಕೊನೆಗೆ ಇಲಾಖೆಯವರು, ತೋರಿಸುವವರು ಯಾರೂ ಇಲ್ಲವೆಂದ ಮೇಲೆ ಹಳೇ ನಕ್ಷೆಯೇ ಸರಿ ಎಂದು ಕೈತೊಳೆದುಕೊಂಡರು. ಹಳೇ ನಕ್ಷೆಯಲ್ಲಿ ಅಲ್ಲಿ ಬರೀ ಮರಳು.

“ಕೇರಿ ಈಗ ಎಲ್ಲಿದೆ?” ಎಂದು ಕೇಳಿದೆ.

“ಎಲ್ಲಿಯೂ ಇಲ್ಲ. ಒಬ್ಬೊಬ್ಬರು ಒಂದೊಂದು ಕಡೆ ಹೋದರು. ಅವಳ ತಾಯಿ ಆ ಮಳೆಗಾಲದಲ್ಲೇ ತೀರಿಕೊಂಡರು” ಎಂದ. ತಾನು ಬಂದದ್ದು ಬಂದರಿನ ರಸ್ತೆಯ ಅಳತೆ ಕಲಿಯಲು ಎಂದೂ ಹೇಳಿದ.

ಅಂದು ನಾನು ಸೀದಾ ನಿರ್ದೇಶಕರ ಕೋಣೆಗೆ ಹೋಗಿ ನನಗೆ ಬರುವ ಎಲ್ಲ ಭಾಷೆಗಳಲ್ಲೂ ಕೂಗಾಡಿದೆ. ಅವರು ನೀರು ಕೊಟ್ಟರು. ಫೋಟೋ ನಾವು ಕಳಿಸಿದ್ದು ಒಳ್ಳೆಯದಕ್ಕೇ, ಅಲ್ಲಿಯ ರಾಜಕೀಯ ನಮಗೆ ಸಂಬಂಧವಿಲ್ಲದ್ದು ಎಂದರು. ಆ ಮನುಷ್ಯನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಕೇಡು ಬಯಸಿದವರ ಹತ್ತಿರ ಜಗಳವಾಡಬಹುದು, ಇಂಥವರ ಹತ್ತಿರ ಏನು ಮಾಡುವುದು?

ಮನೆಯಲ್ಲಿ ಅತ್ತೆಗೆ ಹೇಳಲಿಲ್ಲ. ಯಜಮಾನರಿಗೆ ಹೇಳಿದೆ. ಅವ್ವನ ಕಿವಿಗೆ ಬೀಳಬಾರದು, ಜೀವಕ್ಕೆ ಹಚ್ಚಿಕೊಳ್ಳುತ್ತಾಳೆ ಎಂದರು. ಅದು ನನಗೂ ಗೊತ್ತಿತ್ತು. ಪಂಚಮಿ ಬಂದಾಗಲೆಲ್ಲ ಅತ್ತೆ ಕೇಳುವುದು, ನಾನು ಏನೋ ಒಂದು ಹೇಳುವುದು ರೂಢಿಯಾಯಿತು. ಕೆಲವು ವರ್ಷಗಳಾದ ಮೇಲೆ ಅವರು ಕೇಳುವುದನ್ನು ಬಿಟ್ಟರು. ಕೊಂಡಾಪುರದ ಕಡೆ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳು ಎದ್ದವು, ಪರದೇಶದ ಕಂಪನಿಗಳು ಬಂದವು, ನಮ್ಮ ತರಬೇತಿಯವರನ್ನು ಬಸ್ಸಿನಲ್ಲಿ ಅಲ್ಲಿಗೂ ಕರೆದೊಯ್ದು ತೋರಿಸುವುದು ಶುರುವಾಯಿತು. ಇಲ್ಲಿ ಮೊದಲು ಏನಿತ್ತು ಎಂದು ಯಾರಾದರೂ ಕೇಳಿದರೆ ಗೈಡ್ ಏನೂ ಇರಲಿಲ್ಲ ಎನ್ನುತ್ತಿದ್ದ. ನಾನು ಆ ಬಸ್ಸು ಹತ್ತುವುದನ್ನು ಬಿಟ್ಟೆ.

ನಾನು ನಿವೃತ್ತಿಯಾಗುವ ವರ್ಷ, ರಾಜ್ಯ ಒಡೆಯುವ ಗಲಾಟೆ ಜೋರಾಗಿದ್ದ ದಿನಗಳಲ್ಲಿ, ಬಂದ್ ಎಂದು ಎಲ್ಲರೂ ಮನೆಯಲ್ಲೇ ಇದ್ದ ಒಂದು ಮಧ್ಯಾಹ್ನ ಫೋನು ಬಂತು. ದನಿ ಗುರುತಾಗಲಿಲ್ಲ. ‘ಮೆಂತ್ಯೆ’ ಎಂದಳು, ಅವಳಿಗೆ ಬರುತ್ತಿದ್ದ ಒಂದೇ ಕನ್ನಡ ಮಾತು ಅದು. ಕ್ಷಮಿಸು ಎಂದೆ. ಅವಳು ಆ ಮಾತು ಬೇಡ ಎಂದಳು. ನಿಮ್ಮತ್ತೆ ಇನ್ನೂ ಇದ್ದಾರೆಯೇ ಎಂದು ಕೇಳಲು ಫೋನ್ ಮಾಡಿದೆ ಎಂದಳು. ಇದ್ದಾರೆ ಎಂದೆ. ಆಮೇಲೆ ತನ್ನ ಸಂಗತಿ ಹೇಳಿದಳು.

ಬಂದರಿನ ಒಳಗಿನ ಒಂದು ಕಚೇರಿಯಲ್ಲಿ ಅವಳಿಗೆ ಈಗ ಕೆಲಸ. ಇಲಾಖೆಯೇ ಅಲ್ಲಿಗೆ ಹಾಕಿದೆ. ಅಣ್ಣನ ದೋಣಿ ಹೋಯಿತು, ಬೇರೆ ಕೆಲಸ ಬಾರದು, ಅದೇ ಬಂದರಿನ ಗೇಟಿನಲ್ಲಿ ಕಾವಲುಗಾರನಾಗಿದ್ದಾನೆ.

“ಅಂದಿನಿಂದ ನನ್ನ ಹತ್ತಿರ ಒಂದು ಮಾತಾಡಿಲ್ಲ. ಆದರೆ ನಾನು ಅಧಿಕಾರಿಯಲ್ಲವೇ. ನನ್ನ ಗಾಡಿ ಬಂದರೆ ಎದ್ದು ನಿಂತು ಗೇಟು ತೆಗೆದು ಸೆಲ್ಯೂಟ್ ಹೊಡೆಯಬೇಕು. ದಿನಾ ಹೊಡೆಯುತ್ತಾನೆ” ಎಂದಳು.

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದಿದ್ದರು. ಕಿವಿ ಮಂದವಾಗಿತ್ತು, ಆದರೂ ಯಾರೆಂದು ಹೇಗೋ ಗೊತ್ತಾಗಿತ್ತು. ರಿಸೀವರ್ ಕಸಿದುಕೊಂಡು, “ಏನವ್ವಾ, ಅರಾಮದಿಯೇನು? ಮನಿಯಾಗ ಎಲ್ಲಾರೂ ಹೆಂಗದಾರ? ನಿಮ್ಮಣ್ಣ ಬಂದು ಹೋಗಿ ಮಾಡ್ತಾನೇನು?” ಎಂದು ಎಂದಿನಂತೆ ಕನ್ನಡದಲ್ಲಿ ಜೋರಾಗಿ ಕೇಳಿದರು. ಆ ಕಡೆಯಿಂದ ಅವಳು ತನ್ನ ಭಾಷೆಯಲ್ಲಿ ಏನೋ ಹೇಳುತ್ತ ಹೋದಳು. ಅತ್ತೆ ಹೂಂ, ಹೂಂ ಎನ್ನುತ್ತ ಕೇಳಿ, ಆಮೇಲೆ ನನ್ನ ಕಡೆ ತಿರುಗಿದರು.

“ಏನಂತಾಳ?”

“ದಿನಾ ಅಣ್ಣನ್ನ ನೋಡ್ತಾಳಂತ್ರಿ” ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅತ್ತೆಯ ಮುಖ ಅರಳಿತು. ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಭಾಳ ಚಲೋ ಆತು ನನ್ನವ್ವಾ. ಅಣ್ಣ ಇದ್ದಾನಂದ್ರ ತವರು ಉಳೀತು ಅಂತ ತಿಳಕೋ” ಎಂದರು.